ಮೈಕ್ ಮಾಮ ಹಿಡಿದ ಗುಂಗು

ಅವರ ತಲೆಯ ಮೇಲೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಕೂದಲೇ ಇಲ್ಲದ ಒಂದು ಗೆರೆ ಇತ್ತು. ನೊಗ ಹೊತ್ತು ಹೊತ್ತು ಎತ್ತಿನ ಹೆಗಲು ಜಡ್ಡುಗಟ್ಟುತ್ತದಲ್ಲ, ಹಾಗೆ ಹೆಡ್‌ಫೋನಿನ ಪಟ್ಟಿ ಕೂತು ಕೂತು ಅಲ್ಲಿನ ಕೂದಲು ಸವೆದು ಚರ್ಮ ಹೊಳೆಯುತ್ತಿತ್ತು. ಬಿಸಿಲಿಗೆ ಟವೆಲ್ ಸುತ್ತಿರುತ್ತಿದ್ದರು. ಯಾರದಾದರೂ ಮನೆಯ ಕಟ್ಟೆಯ ಮೇಲೆ ಕೂತು ಟವೆಲ್ ಬಿಚ್ಚಿ ಕೆಲಸಕ್ಕೆ ತೊಡಗಿದಾಗ ಮಾತ್ರ ಅದು ಕಾಣುತ್ತಿತ್ತು. ಆ ಗೆರೆ ಯಾರ ಕಟ್ಟೆಯ ಮೇಲೆ ಕಂಡಿತೋ ಆ ಮನೆಯಲ್ಲಿ ಹೆಣ ಬೀಳುತ್ತದೆ ಎಂದು ನಮ್ಮ ಹಾಲಹರವಿ ಕಡೆಯ ಜನ ನಂಬಿದ್ದರು. ಅವರ ಮೊಪೆಡ್ಡಿನ ಸದ್ದು ಕೇಳಿದರೆ ಸಾಕು, ಬಾಗಿಲು ಹಾಕಿಕೊಳ್ಳುತ್ತಿದ್ದರು.

ನಾನು ನಂಬಿರಲಿಲ್ಲ. ಸರಕಾರಿ ನರ್ಸು ನಾನು. ಸ್ಕೂಟಿಯ ಮೇಲೆ ಹಳ್ಳಿ ಹಳ್ಳಿ ತಿರುಗಿ ಬಸುರಿಯರ ತೂಕ ನೋಡುವುದು, ಕೂಸುಗಳಿಗೆ ಸೂಜಿ ಹಾಕುವುದು, ಮುದುಕರ ಬಿ.ಪಿ. ನೋಡುವುದು ನನ್ನ ಕೆಲಸ. ಬಾಯಿ ಜೋರು ಎಂದು ನನಗೆ ಹೆಸರಿದೆ, ಸುಳ್ಳಲ್ಲ. ಕೊಟ್ಟ ಮಾತ್ರೆಯನ್ನು ದಿಂಬಿನ ಕೆಳಗೆ ಬಚ್ಚಿಡುವವರ ಹತ್ತಿರ ನೀವೂ ಮೆಲ್ಲಗೆ ಮಾತಾಡಿ ನೋಡಿ, ಗೊತ್ತಾಗುತ್ತದೆ. ಇಂಥವಳಿಗೆ ಶಕುನ, ಅಪಶಕುನ ಎಲ್ಲಿಂದ ಬರಬೇಕು? ಆದರೆ ನಂಬದವರಿಗೆ ಹೆದರಿಕೆಯಾಗುವುದಿಲ್ಲ ಎಂದು ಯಾರು ಹೇಳಿದರು?

ಆದೋನಿಯ ಹತ್ತಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅವರ ಮೈಕ್‌ಸೆಟ್ ಅಂಗಡಿಯಿತ್ತು. ಸಣ್ಣವರು ದೊಡ್ಡವರು ಎಲ್ಲರಿಗೂ ಅವರು ಮೈಕ್ ಮಾಮ. ಮದುವೆಗೂ ಎಲೆಕ್ಷನ್ನಿಗೂ ಮೈಕು ಕೊಡುವ ದೊಡ್ಡ ಅಂಗಡಿಗಳು ಊರಲ್ಲಿ ಬೇರೆ ಇದ್ದವು. ಮಾಮನ ಹತ್ತಿರ ಜನ ಹೋಗುತ್ತಿದ್ದುದು ಸಾವಿಗೆ. ಹೆಂಡತಿ ಮಕ್ಕಳಿಲ್ಲ, ಮನೆಯಿಲ್ಲ. ಅಂಗಡಿಯಲ್ಲೇ ಒಂದು ಚಾಪೆ, ಒಂದು ಕೌದಿ, ಒಂದು ಹಳೇ ಕಂಪ್ಯೂಟರು. ಹರೆಯದಲ್ಲಿ ಬಯಲಾಟದ ಮೇಳದಲ್ಲಿ ಶ್ರುತಿಪೆಟ್ಟಿಗೆ ಒತ್ತುತ್ತಿದ್ದರಂತೆ. ಆಟ ಮುಗಿಯುವವರೆಗೂ ಒಂದೇ ಸ್ವರ.

"ಮಂದಿ ಎಲ್ಲಾ ಪದ ಕೇಳ್ತಿದ್ರು ಸಿಸ್ಟರಮ್ಮ," ಎಂದಿದ್ದರು ಒಮ್ಮೆ. "ನಾನು ಪದದ ಕೆಳಗಿನ ನೆಲ ಹಿಡಕೊಂಡು ಕುಂತಿರ್ತಿದ್ದೆ. ನೆಲಾನೇ ಬಿಟ್ರ ಕುಣಿಯೋನು ಎಲ್ಲಿ ಕಾಲಿಡಬೇಕು?"

ಅವರ ಸಂಗೀತ ನಾನು ಮೊದಲು ಕೇಳಿದ್ದು ಒಬ್ಬ ಮುದುಕಿಯ ಹೆಣದ ಮುಂದೆ. ಮಣ್ಣಿಗೆ ಒಯ್ಯುವವರೆಗೆ ಸಾವಿನ ಮನೆ ಸುಮ್ಮನಿರಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಭಜನೆಯವರು ಬರುತ್ತಾರೆ, ಸಿಗದಿದ್ದರೆ ಮೈಕಿಗೆ ತತ್ವಪದ ಹಾಕುತ್ತಾರೆ. ಆವತ್ತು ಮಾಮ ಮರಕ್ಕೆ ಹಾರ್ನ್ ಕಟ್ಟಿರಲಿಲ್ಲ. ಹೊಸ್ತಿಲ ಪಕ್ಕದಲ್ಲಿ ಸಣ್ಣದೊಂದು ಸ್ಪೀಕರ್ ಇಟ್ಟಿದ್ದರು. ಅದರಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು. ಕರೆಂಟಿನದೇನೋ ತಕರಾರು ಅಂದುಕೊಂಡು, "ಮಾಮ, ವೈರು ಸಡ್ಲಾಗೈತಿ ನೋಡ್ರಿ," ಅಂದೆ. ಅವರು ತುಟಿಯ ಮೇಲೆ ಬೆರಳಿಟ್ಟು, ಕೂಡು ಎಂದು ಕೈಮಾಡಿದರು.

ಕೂತೆ. ಸ್ವಲ್ಪ ಹೊತ್ತಿಗೆ ಆ ಗುಂಯ್ ಎನ್ನುವುದರ ಒಳಗಿಂದ ಬೀಸುಕಲ್ಲು ತಿರುಗುವ ಸದ್ದು ಎದ್ದಿತು. ಆಮೇಲೆ ಯಾರೋ ಕೊಡ ಇಳಿಸಿದ್ದು. ಬಾಗಿಲ ಚಿಲಕ. ಕೋಳಿ ರೆಕ್ಕೆ ಬಡಿದದ್ದು. ಎಲ್ಲವೂ ಆ ಮನೆಯದೇ. ಕೆಳಗಿನ ಗುಂಗು ಕೂಡ ಆ ಮನೆಯದೇ ಎಂದು ಆಮೇಲೆ ತಿಳಿಯಿತು. ಬೀಸುಕಲ್ಲಿನ ಒಂದು ಸುತ್ತನ್ನು ಕಂಪ್ಯೂಟರಿಗೆ ಹಾಕಿ, ಎಳೆದು ಎಳೆದು ಗಂಟೆಗಟ್ಟಲೆ ಉದ್ದ ಮಾಡಿದ್ದರು. ಹಾಡಿಲ್ಲ, ಮಾತಿಲ್ಲ, ತಾಳವಿಲ್ಲ. ಹೊಸ್ತಿಲ ಆಚೆಯ ಮನೆ ತನ್ನ ಪಾಡಿಗೆ ತಾನು ಉಸಿರಾಡುತ್ತಿದೆ ಎನ್ನಿಸಿ ನನ್ನ ಮೈಮೇಲಿನ ಕೂದಲು ಎದ್ದು ನಿಂತವು. ಆಮೇಲೆ ಅತ್ತೆ. ಆ ಮುದುಕಿ ನನಗೆ ಬಂಧುವಲ್ಲ, ಬಳಗವಲ್ಲ. ಬದುಕಿದ್ದಾಗ ಮಾತ್ರೆ ಉಗುಳಿ ನನ್ನ ತಲೆ ತಿಂದವಳು.

ಆ ಸಂಗೀತಕ್ಕೆ ಜನ 'ಮಾಮನ ಗುಂಗು' ಎನ್ನುತ್ತಿದ್ದರು. ಹೆಣದ ಮುಂದೆ ಅದು ಬೇಕೇ ಬೇಕು ಎನ್ನುವವರು ಹೆಚ್ಚುತ್ತಾ ಹೋದರು. ತೊಡಕು ಇದ್ದದ್ದು ಒಂದೇ. ಮನೆಯ ಸದ್ದನ್ನು ರೆಕಾರ್ಡು ಮಾಡಲು ಅವರು ಕಾಯಿಲೆಯವರು ಬದುಕಿರುವಾಗಲೇ ಬರಬೇಕಿತ್ತು.

"ಜೀವ ಹೋದ ಮ್ಯಾಲೆ ಮನಿ ಬ್ಯಾರೆ ಸದ್ದು ಮಾಡತೈತಿ," ಎನ್ನುತ್ತಿದ್ದರು. "ಅದು ನನಗ ಬ್ಯಾಡ. ಆಕಿ ಇದ್ದಾಗ ಮನಿ ಹೆಂಗ ಮಾತಾಡ್ತಿತ್ತು, ಅದು ಬೇಕು."

ಹೀಗಾಗಿ ಸತ್ತ ಮೇಲೆ ಮಾಮ ಬೇಕು, ಸಾಯುವ ಮುಂಚೆ ಬೇಡ ಎಂಬಂತಾಯಿತು. ಕೆಲವರು ಪೊರಕೆ ತೋರಿಸಿ ಓಡಿಸಿದರು. ಕೆಲವು ಕಡೆ ಹಾಸಿಗೆ ಹಿಡಿದವರೇ ಹೇಳಿ ಕಳಿಸಿ ಕರೆಸಿಕೊಂಡರು. ಮಾಮ ಎರಡಕ್ಕೂ ಒಂದೇ ಮುಖ ಮಾಡುತ್ತಿದ್ದರು. ಬೈದರೆ ಎದ್ದು ಹೋಗುವರು, ಕರೆದರೆ ಬಂದು ಕೂರುವರು.

ನನಗೊಂದು ಕಾಪಿ ಕೊಡ್ರಿ ಎಂದು ಎಷ್ಟು ಸಲ ಕೇಳಿದೆನೋ. "ಆ ಮನೀದು ಆ ಮನೀಗೆ, ಸಿಸ್ಟರಮ್ಮ. ನಾನಿಟ್ಕೊಂಡ್ರೂ ಕಳ್ಳತನ, ನಿನಗ ಕೊಟ್ರೂ ಕಳ್ಳತನ." ಒಂದು ಸಣ್ಣ ಮೆಮೊರಿ ಕಾರ್ಡಿಗೆ ಹಾಕಿ ಮನೆಯವರ ಕೈಗೆ ಕೊಟ್ಟು, ತಮ್ಮ ಕಂಪ್ಯೂಟರಿನಿಂದ ಅಳಿಸಿಬಿಡುತ್ತಿದ್ದರು. ಆ ಮನೆಯವರು ಮಣ್ಣು ಮಾಡಿ ಬಂದು, ಸತ್ತವರ ಚಾಪೆ ಕೌದಿಯ ಜೊತೆ ಕಾರ್ಡನ್ನೂ ಗಂಟು ಕಟ್ಟಿ ಕಾಲುವೆಗೆ ಬಿಡುತ್ತಿದ್ದರು. ಸತ್ತವರು ಬಳಸಿದ್ದು ಮನೆಯಲ್ಲಿ ಉಳಿಯಬಾರದಲ್ಲ. ಒಬ್ಬ ಮನುಷ್ಯ ವಾರಗಟ್ಟಲೆ ಕೂತು ಮಾಡಿದ್ದು ಒಂದೇ ದಿನ ಕೇಳಿಸಿ ನೀರು ಪಾಲಾಗುತ್ತಿತ್ತು.

ಆಮೇಲೆ ನಾನೇ ಕಾರ್ಡು ಕೂಡಿಸಲು ಶುರು ಮಾಡಿದೆ. ಕಾಲುವೆಗೆ ಹೋಗುವ ಮುಂಚೆ ಮನೆಯವರನ್ನು ಬೇಡಿಕೊಳ್ಳುತ್ತಿದ್ದೆ. ಹೆಚ್ಚಿನವರು ಹುಚ್ಚಿಯನ್ನು ನೋಡಿದಂತೆ ನೋಡಿದರು. ಆದರೆ ಎಸೆಯಲಾರದೆ ಉಳಿಸಿಕೊಂಡವರೂ ಇದ್ದರು. ನಂದವರಂನಲ್ಲಿ ಇಡ್ಲಿ ಅಂಗಡಿ ನಡೆಸುವ ಹೆಂಗಸೊಬ್ಬಳು ಗಂಡನ ಕಾರ್ಡನ್ನು ಸಾಸಿವೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. "ನೀನು ಒಯ್ಯವ್ವ," ಅಂದಳು. "ನನ್ನ ಮನಿಯಾಗ ಇರಬಾರದು, ಕಾಲುವಿಗೆ ಹಾಕಾಕ ಕೈ ಬರವಲ್ದು." ಸಿ. ಬೆಳಗಲ್ಲಿನ ರೈತರೊಬ್ಬರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, "ತೀಸ್ಕೋ ತಲ್ಲೀ, ಒಯ್ಯಿ. ಆದ್ರ ದೀಪ ಹಚ್ಚಿದ ಮ್ಯಾಲೆ ಮಾತ್ರ ಹಾಕಬ್ಯಾಡ," ಎಂದು ಕಾರ್ಡನ್ನು ಎಲೆಯಲ್ಲಿ ಸುತ್ತಿ ಕೊಟ್ಟರು. ಮುಚ್ಚಳ ಸಡಿಲಾದ ಹಳೆಯ ಲಸಿಕೆ ಡಬ್ಬಿಯೊಂದು ನನ್ನ ಹತ್ತಿರ ಇತ್ತು. ಮಾತ್ರೆಯ ಸಣ್ಣ ಕವರುಗಳಲ್ಲಿ ಒಂದೊಂದು ಮನೆಯನ್ನು ಹಾಕಿ ಅದರಲ್ಲಿ ಇಡುತ್ತಾ ಹೋದೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಕಿವಿಗೆ ಹಾಕಿಕೊಂಡು ಕೇಳುತ್ತಿದ್ದೆ. ಒಂದೊಂದಕ್ಕೆ ಎಷ್ಟೋ ಮಧ್ಯಾಹ್ನ ಬೇಕಾಗುತ್ತಿದ್ದವು.

ಬಹಳ ಮನೆ ಕೇಳಿದ ಮೇಲೆ ಒಂದು ಸಂಗತಿ ಹೊಳೆಯಿತು. ಯಾವುದರಲ್ಲೂ ಸತ್ತವರ ದನಿಯಿಲ್ಲ. ಮಗ, ಸೊಸೆ, ಮೊಮ್ಮಕ್ಕಳು, ನಾಯಿ, ಎಮ್ಮೆ ಎಲ್ಲರೂ ಇದ್ದಾರೆ, ಸತ್ತವರೊಬ್ಬರು ಇಲ್ಲ. ಕಾರ್ಡುಗಳ ವಿಷಯ ಮುಚ್ಚಿಟ್ಟು ಮಾಮನನ್ನು ಕೇಳಿದೆ.

"ಒಮ್ಮೆ ಹಾಕಿದ್ದೆ. ನೀನೂ ಇದ್ದಿ ಅಲ್ಲಿ," ಎಂದರು.

ಇದ್ದೆ. ಕುರಿ ಸಾಕುವವರ ಮನೆ ಅದು. ಸಾಯುವ ಮುದುಕನೇ ಮಾಮನನ್ನು ಕರೆಸಿ, ನನ್ನ ಕೂಗು ಹಾಕು ಎಂದು ಹಟ ಹಿಡಿದಿದ್ದ. ಹೆಣವನ್ನು ಬೇವಿನ ಮರದ ಕೆಳಗೆ ಮಲಗಿಸಿದ್ದರು. ಪಕ್ಕದಲ್ಲೇ ಮುಳ್ಳುಬೇಲಿಯ ಕುರಿಹಟ್ಟಿ. ಗುಂಗು ನಡೆಯುತ್ತಾ ನಡೆಯುತ್ತಾ ಅದರೊಳಗಿಂದ ಮುದುಕನ ಕೂಗು ಬಂತು, ಸಂಜೆ ಮಂದೆಯನ್ನು ಕರೆಯುವ ಕೂಗು. ಮಲಗಿದ್ದ ಕುರಿಗಳೆಲ್ಲ ಒಮ್ಮೆಲೇ ಎದ್ದು ನಿಂತವು. ಒಂದೂ ಬ್ಯಾ ಅನ್ನಲಿಲ್ಲ. ಎರಡನೇ ಸಲ ಕೂಗು ಬಂದಾಗ ಬೇಲಿ ಮುರಿದು ಬಂದು ಹೆಣವನ್ನು ಸುತ್ತುವರಿದು ನಿಂತುಕೊಂಡವು. ಹೊಡೆದರೂ ಕದಲಲಿಲ್ಲ. ಮುದುಕ ಮಂದೆ ಕರಕೊಂಡು ಹೊಂಟಾನ ಎಂದು ಹೆಂಗಸರು ಚೀರಿದರು. ಮಗ ಬಡಿಗೆಯಿಂದ ಸ್ಪೀಕರನ್ನು ಒಡೆದು ಹಾಕಿದ. ಆಮೇಲೆ ಅದೇ ವಾರ ಕೆಲವು ಕುರಿ ಸತ್ತವು. ರೋಗ ಎಂದು ನಾನು ಹೇಳಿದೆ, ಕೇಳುವವರು ಯಾರು?

"ಆವತ್ತಿನಿಂದ ಸಾಯೋರ ದನಿ ಹಾಕಂಗಿಲ್ಲ," ಎಂದರು ಮಾಮ. "ಮನಿ ದನಿ ಸಾಕು. ಅವರ ಜಾಗ ಖಾಲಿ ಬಿಡ್ತೀನಿ, ಮಂದಿ ತಾವೇ ತುಂಬಿಕೊಂತಾರ."

"ಅದು ಬಿಡ್ರಿ. ಯಾರು ಉಳಿಯಂಗಿಲ್ಲ ಅಂತ ನಿಮಗ ಮೊದಲೇ ಹೆಂಗ ಗೊತ್ತಾಗತೈತಿ?"

"ನಿನ್ನ ಗಾಡಿ ಹೇಳತೈತಿ," ಎಂದರು. "ಮಾತ್ರಿ ಕೊಟ್ಟು ಹೋಗೋ ಮನಿ ಮುಂದ ಇಂಜಿನ್ ಬಂದ್ ಮಾಡಂಗಿಲ್ಲ ನೀನು. ಉಳಿಯಂಗಿಲ್ಲ ಅಂತ ನಿನಗ ಗೊತ್ತಾದ ಮನಿ ಮುಂದ ಬಂದ್ ಮಾಡ್ತಿ. ಬಂದ್ ಮಾಡಿ ಜರಾ ನಿಂತು, ಆಮ್ಯಾಲೆ ಒಳಗ ಹೋಗ್ತಿ."

ಮರುದಿನದಿಂದ ಪ್ರತಿ ಮನೆಯ ಮುಂದೆಯೂ ಇಂಜಿನ್ ಚಾಲೂ ಇಟ್ಟೇ ಒಳಗೆ ಹೋದೆ. ಪೆಟ್ರೋಲ್ ಯಾಕೆ ಇಷ್ಟು ಬೇಗ ಖಾಲಿಯಾಗುತ್ತದೆ ಎಂದು ನಮ್ಮ ಮನೆಯವರು ಗೊಣಗಿದರು.

ನಮ್ಮ ಮನೆಯಲ್ಲಿ ಇರುವುದು ಮೂರೇ ಜನ. ನಾನು, ಹತ್ತಿ ಮಾರುಕಟ್ಟೆಯಲ್ಲಿ ತೂಕದ ಕೆಲಸ ಮಾಡುವ ನನ್ನ ಗಂಡ, ಮತ್ತು ನನ್ನ ಅವ್ವ. ಅವ್ವ ಹರೆಯದಲ್ಲಿ ಆದೋನಿಯ ಜಿನ್ನಿಂಗ್ ಮಿಲ್ಲಿಗೆ ಹೋಗಿ ಹತ್ತಿ ಹರವುತ್ತಿದ್ದವಳು. ಒಂದು ಬೇಸಿಗೆಯ ಬೆಳಿಗ್ಗೆ ಮಾಮ ಆ ಕಾರ್ಡುಗಳ ಸುದ್ದಿ ಕೇಳಿ ನಮ್ಮ ಮನೆಗೆ ಬಂದರು. ಬೈಯುತ್ತಾರೆ ಎಂದುಕೊಂಡು ನಾನು ಸೊಂಟ ಕಟ್ಟಿ ನಿಂತಿದ್ದೆ. ಅವರು ಡಬ್ಬಿಯ ಮುಚ್ಚಳ ತೆಗೆದು ನೋಡಿದರು, ಮುಟ್ಟಲಿಲ್ಲ.

"ಇಷ್ಟು ಮನಿ ಒಂದು ಡಬ್ಬಿಯಾಗ," ಎಂದರು. "ಕೆಟ್ಟದ್ದೂ ಮಾಡೀದಿ, ಚಲೋದೂ ಮಾಡೀದಿ ಸಿಸ್ಟರಮ್ಮ."

ಕೇಳಿ ನೋಡ್ರಿ ಎಂದು ಒಂದು ಕಾರ್ಡು ಕೊಟ್ಟೆ. ತಮ್ಮ ರೆಕಾರ್ಡರಿಗೆ ಹಾಕಿ, ಹೆಡ್‌ಫೋನ್ ಹಚ್ಚಿಕೊಂಡು, ಕಟ್ಟೆಯ ಮೇಲೆ ಅವ್ವನ ಪಕ್ಕದಲ್ಲಿ ಕೂತರು. ಅವ್ವ ಜೋಳ ಹಸನು ಮಾಡುತ್ತಿದ್ದಳು. ನಾನು ಚಹಾ ಮಾಡಿ ತಂದಾಗ ಕಾರ್ಡು ಹೊರಗಿತ್ತು, ಹೆಡ್‌ಫೋನ್ ಇನ್ನೂ ಕಿವಿಯಲ್ಲೇ ಇತ್ತು. ಇಬ್ಬರೂ ಸುಮ್ಮನಿದ್ದರು. "ಏನಾತು?" ಅಂದೆ. "ಚಾಕ್ಕ ಸಕ್ಕರಿ ಹಾಕೀದಿಯೋ ಇಲ್ಲೋ?" ಅಂದಳು ಅವ್ವ.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದರೆ ಓಣಿಯೆಲ್ಲಾ ಬಾಗಿಲು ಹಾಕಿದೆ. ನಮ್ಮ ಕಟ್ಟೆಯ ಮೇಲೆ ಮಾಮ ಕೂತಿದ್ದಾರೆ. ಟವೆಲ್ ಬಿಚ್ಚಿದ್ದಾರೆ. ತಲೆಯ ಮೇಲೆ ಹೆಡ್‌ಫೋನು, ತೊಡೆಯ ಮೇಲೆ ರೆಕಾರ್ಡರು, ಅದರ ಕೆಂಪು ದೀಪ ಹತ್ತಿದೆ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ.

"ಯಾರಿಗೆ?" ಎಂದು ಕೇಳಿದೆ.

ಮಾಮ ರೆಕಾರ್ಡರನ್ನು ತೊಡೆಯ ಮೇಲೆ ಸರಿಮಾಡಿಕೊಂಡರು.

"ಯಾರಿಗೆ ಬಂದೀರಿ ಹೇಳ್ರಿ. ನನಗೋ, ನಮ್ಮ ಮನಿಯೋರಿಗೋ, ನಮ್ಮವ್ವಗೋ? ಊರೆಲ್ಲಾ ತಿಂದು ಸಾಲಲಿಲ್ಲ ಅಂತ ನನ್ನ ಹೊಸ್ತಿಲಕ್ಕ ಬಂದೀರೇನು?"

ಆಮೇಲೆ ಏನೇನು ಅಂದೆನೋ, ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಹೆಡ್‌ಫೋನ್ ತೆಗೆಯಲಿಲ್ಲ. "ಬೈ ಸಿಸ್ಟರಮ್ಮ, ಬೈ," ಎಂದರು ಮೆಲ್ಲಗೆ. ಎಲ್ಲಾ ಮುಗಿದ ಮೇಲೆ ದೀಪ ಆರಿಸಿ, ಟವೆಲ್ ಸುತ್ತಿ, ಅವ್ವನಿಗೆ ಕೈಮುಗಿದು ಹೋದರು. ಅವರನ್ನು ಜೀವಂತ ನೋಡಿದ್ದು ಅದೇ ಕೊನೆ.

ಆ ದಿನದಿಂದ ನನ್ನ ನಿದ್ದೆ ಹಾಳಾಯಿತು. ದಿನಾ ಬೆಳಿಗ್ಗೆ ಅವ್ವನ ಬಿ.ಪಿ. ನೋಡುತ್ತಿದ್ದೆ, ಗಂಡನ ಸಕ್ಕರೆ ನೋಡುತ್ತಿದ್ದೆ. ಅವರನ್ನು ಹಿಡಿದೆಳೆದುಕೊಂಡು ಹೋಗಿ ಇಸಿಜಿ ಮಾಡಿಸಿದೆ. ಯಾರಿಗೂ ಹೇಳದೆ ಆದೋನಿಗೆ ಹೋಗಿ ನನ್ನ ರಕ್ತವನ್ನೂ ಕೊಟ್ಟು ಬಂದೆ. ಎಲ್ಲಾ ನಾರ್ಮಲ್. ನಾರ್ಮಲ್ ಎಂದು ನೋಡಿದಷ್ಟೂ ಹೆದರಿಕೆ ಹೆಚ್ಚಾಯಿತು. ಅವ್ವನಿಗೆ ಒಣ ಕೆಮ್ಮಿತ್ತು, ಹೌದು. ನಮ್ಮ ಕಡೆಯ ಧೂಳಿಗೆ ಒಣ ಕೆಮ್ಮು ಯಾರಿಗಿಲ್ಲ? ಸ್ಟೆತಾಸ್ಕೋಪನ್ನು ಬಿ.ಪಿ. ನೋಡಲು ಮೊಣಕೈಗೆ ಇಡುವುದು ಬಿಟ್ಟರೆ ಎದೆಗೋ ಬೆನ್ನಿಗೋ ಇಡುವ ರೂಢಿ ನನಗಿರಲಿಲ್ಲ. ಎದುರು ಮನೆಯವಳು ಹೆಪ್ಪು ಕೇಳಲು ಬರುವುದನ್ನು ಬಿಟ್ಟಳು. ಅವಳ ಮಕ್ಕಳು ನಮ್ಮ ಕಟ್ಟೆಯ ಮುಂದೆ ಓಡಿ ದಾಟುತ್ತಿದ್ದವು.

"ಸತ್ತೋರ ಸದ್ದು ತಂದು ತಂದು ಡಬ್ಬಿ ತುಂಬೀದಿ," ಎಂದರು ನಮ್ಮ ಮನೆಯವರು. "ಅವು ಸುಮ್ಮನ ಇರ್ತಾವೇನು? ಒಯ್ದು ಕಾಲುವಿಗೆ ಹಾಕು."

ನಾನು ಒಂದು ಸಂಜೆ ಡಬ್ಬಿ ಎತ್ತಿಕೊಂಡು ಕಾಲುವೆ ಏರಿಗೆ ಹೋದದ್ದೂ ನಿಜ. ಒಂದು ಕವರು ಕೈಗೆತ್ತಿಕೊಂಡೆ, ಇಡ್ಲಿ ಅಂಗಡಿಯವಳದು. ಬಿಡಲಾಗಲಿಲ್ಲ. ತಿರುಗಿ ತಂದೆ. ಅವ್ವ ಬಾಗಿಲಲ್ಲೇ ನಿಂತಿದ್ದಳು. "ಇರಲಿ ಬಿಡು," ಅಂದಳು. "ಡಬ್ಬಿ ಯಾರನ್ನೂ ಕೊಲ್ಲಂಗಿಲ್ಲ."

ಆ ಶ್ರಾವಣದಲ್ಲಿ ಮಾಮ ಹೋಗಿಬಿಟ್ಟರು. ಬೆಳಿಗ್ಗೆ ಅಂಗಡಿಯ ಶಟರ್ ಏಳಲಿಲ್ಲ ಎಂದು ಪಕ್ಕದ ವಾಚ್ ರಿಪೇರಿಯವರು ನೋಡಿದರೆ ಕುರ್ಚಿಯಲ್ಲಿ ಕೂತಂತೆಯೇ ಪ್ರಾಣ ಹೋಗಿತ್ತು. ಗೋಡೆಯ ಮೇಲೆ ಬರೆದಿದ್ದ ನನ್ನ ನಂಬರಿಗೆ ಫೋನ್ ಮಾಡಿದರು. ನಾನೂ ಬರ್ತೀನಿ ಎಂದು ಅವ್ವ ಹಟ ಹಿಡಿದಳು. ಬಸ್ಸಿನಲ್ಲಿ ಕರೆದುಕೊಂಡು ಹೋದೆ.

ಅಂಗಡಿಯ ಮುಂದೆ ಚಾಪೆಯ ಮೇಲೆ ಮಲಗಿಸಿದ್ದರು. ಮಾರುಕಟ್ಟೆಯ ಹಮಾಲರು ನಾಲ್ಕಾರು ಜನ ನಿಂತಿದ್ದರು. ಎಲ್ಲರ ಹೆಣದ ಮುಂದೆ ಗುಂಗು ಇಟ್ಟವರ ಮುಂದೆ ಏನೂ ಇರಲಿಲ್ಲ. "ಏನು ಹಾಕ್ಬೇಕೋ ನಾಕು ತೆಲೀದಮ್ಮ, ನನಗ ಗೊತ್ತಿಲ್ಲ," ಎಂದರು ವಾಚಿನವರು. ಕಂಪ್ಯೂಟರಿನ ಮುಂದೆ ಒಂದೇ ಒಂದು ಕಾರ್ಡಿತ್ತು. ಅದರ ಕವರಿನ ಮೇಲೆ 'ಸಿಸ್ಟರಮ್ಮನ ಮನೆ' ಎಂದು ಬರೆದಿತ್ತು. ನಾನು ಅದನ್ನು ಕೈಗೆತ್ತಿಕೊಂಡೆ. ಅವ್ವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ವಾಚಿನವರಿಗೆ ಕೊಟ್ಟಳು.

"ಇದನ್ನೇ ಹಾಕ್ರಿ," ಅಂದಳು.

ನಮ್ಮ ಮನೆ ಆ ಬೀದಿಯಲ್ಲಿ ಕೇಳಿಸಿತು. ನಲ್ಲಿಯ ನೀರು, ಕುಕ್ಕರಿನ ಸೀಟಿ, ನನ್ನ ಗಂಡ ಚಪ್ಪಲಿ ಝಾಡಿಸುವುದು, ರೊಟ್ಟಿ ಬಡಿಯುವ ಸದ್ದು. ಕೆಳಗೆ ಏಳುತ್ತಾ ಇಳಿಯುತ್ತಾ ಹೋಗುವ ಒಂದು ದಪ್ಪ ದನಿ. ಅದು ನಾನು ಬೈದದ್ದೇ ಎಂದು ಗುರುತಿಸಲು ಬಹಳ ಹೊತ್ತು ಹಿಡಿಯಿತು. ಯಾರಿಗೆ ಬಂದೀರಿ ಎಂಬ ಮಾತನ್ನು ಎಳೆದು ಎಳೆದು ನೆಲ ಮಾಡಿ ಹಾಸಿಬಿಟ್ಟಿದ್ದರು. ಹಮಾಲರು ತಲೆಯ ಮೇಲಿನ ಟವೆಲ್ ತೆಗೆದು ನಿಂತರು.

ಮಾಮ ತಮಗಾಗಿಯೇ ನಮ್ಮ ಮನೆಯ ಸದ್ದು ಹಿಡಿದಿದ್ದರು ಎಂದು ಆಗ ನನಗೆ ಖಾತ್ರಿಯಾಯಿತು. ತಮಗೆ ಮನೆಯಿಲ್ಲ, ಸಾವು ಹತ್ತಿರ ಬಂದದ್ದು ಗೊತ್ತಾಗಿದೆ, ಅದಕ್ಕೇ ನಮ್ಮದನ್ನು ಕೇಳಿ ಪಡೆದಿದ್ದಾರೆ. ಅಳುತ್ತಿದ್ದವಳ ಎದೆಯ ಮೇಲಿಂದ ಒಂದು ಬಂಡೆ ಇಳಿಯಿತು. ಹೆಣ ಎದುರಿಗಿದೆ, ನನಗೆ ಹಗುರವಾಗುತ್ತಿದೆ. ನನ್ನವರಲ್ಲ, ಇವರು ಎಂದು ನನ್ನ ಮನಸ್ಸು ಕುಣಿಯುತ್ತಿತ್ತು. ಏನು ಮಾಡಲಿ, ಹಾಗೇ ಆಯಿತು.

ಮಣ್ಣಾದ ಮೇಲೆ ವಾಚಿನವರು ಚಾಪೆ, ಕೌದಿ, ಕಾರ್ಡು ಗಂಟು ಕಟ್ಟಿ ಅವ್ವನ ಕೈಗಿತ್ತರು. ರೆಕಾರ್ಡರನ್ನೂ ಹೆಡ್‌ಫೋನನ್ನೂ ನನಗೆ ಕೊಟ್ಟು, "ಮಿಷನ್ ನೀವೇ ಒಯ್ರಿ ತಾಯಿ. ಇಟ್ಕೊಳ್ಳಾಕ ನನಗ ಧೈರ್ಯ ಸಾಲದು," ಎಂದರು. ನಮ್ಮೂರ ಕಾಲುವೆಯ ಹತ್ತಿರ ಬಸ್ಸು ಇಳಿದೆವು.

"ಅವ್ವ, ಆ ಕಾರ್ಡೊಂದು ಕೊಡು. ಒಂದು ಕಾಪಿ ಮಾಡ್ಕೊಂಡು ಕೊಡ್ತೀನಿ. ನಮ್ಮ ಮನೀದಲ್ಲೇನು?"

"ಒಯ್ದೋರದು ಒಯ್ದೋರಿಗೆ," ಅಂದಳು. ನಾನು ಕೈಚಾಚುವಷ್ಟರಲ್ಲಿ ಗಂಟನ್ನು ನೀರಿಗೆ ಬಿಟ್ಟಿದ್ದಳು. ಅದು ಸ್ವಲ್ಪ ದೂರ ತೇಲಿ, ತಿರುಗಿ, ಮುಳುಗಿತು. ಕಂಡವರ ಮನೆಯನ್ನೆಲ್ಲ ಬೇಡಿ ತಂದು ಕೂಡಿಸಿದವಳಿಗೆ ನನ್ನ ಮನೆಯದೇ ಸಿಗಲಿಲ್ಲ. ಸಿಟ್ಟಿಗೆ ಅವ್ವನ ಜೊತೆ ಎರಡು ದಿನ ಮಾತು ಬಿಟ್ಟೆ.

ರೆಕಾರ್ಡರನ್ನು ನಾನು ಮೊದಲು ಹಚ್ಚಿದ್ದು ದೀಪಾವಳಿ ಕಳೆದ ಮೇಲೆ. ಸಂಜೆ ಅಂಗಳದಲ್ಲಿ ಅವ್ವ ಅಕ್ಕಿ ಹಸನು ಮಾಡುತ್ತಿದ್ದಳು. ಮಿಷನ್ ಕೆಟ್ಟಿದೆಯೋ ನೋಡೋಣ ಎಂದು ಹೆಡ್‌ಫೋನ್ ಹಾಕಿ ಗುಂಡಿ ಒತ್ತಿದೆ. ಮೊರದಲ್ಲಿ ಅಕ್ಕಿ ಸರಿಯುವ ಸದ್ದು ಮಳೆಯಷ್ಟು ದೊಡ್ಡದಾಗಿ ಬಂತು. ಅದರ ಹಿಂದೆ ಇನ್ನೊಂದು ಸದ್ದಿತ್ತು. ಬಿಸಿ ಹಂಚಿಗೆ ಉಪ್ಪು ಬಿದ್ದಾಗ ಚಿಟಿಚಿಟಿ ಅನ್ನುತ್ತದಲ್ಲ, ಹಾಗೆ. ನಿಲ್ಲುವುದು, ಮತ್ತೆ ಬರುವುದು. ಒಲೆಯ ಕಡೆ ನೋಡಿದೆ, ಒಲೆ ಆರಿತ್ತು. ರೆಕಾರ್ಡರಿನ ಮೈಕನ್ನು ಅತ್ತ ಇತ್ತ ತಿರುಗಿಸಿದೆ. ಅವ್ವನ ಕಡೆಗೆ ತಿರುಗಿಸಿದಾಗ ಸದ್ದು ದೊಡ್ಡದಾಯಿತು. ಅವ್ವ ಉಸಿರು ಎಳೆದಾಗಲೆಲ್ಲ ಚಿಟಿಚಿಟಿ.

ಟ್ರೇನಿಂಗಿನಲ್ಲಿ ಡಾಕ್ಟರು ಒಬ್ಬ ರೋಗಿಯ ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ನಮಗೆಲ್ಲ ಕೇಳಿಸಿದ ಸದ್ದು ಅದು. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ರೋಗದ್ದು. ಆವಾಗಲೇ ಬೀದಿಯಲ್ಲಿ ಕೇಳಿಸಿದ ನಮ್ಮ ಮನೆಯ ಗುಂಗು ನೆನಪಾಯಿತು. ಅದರಲ್ಲಿ ನಾನಿದ್ದೆ, ನನ್ನ ಗಂಡನಿದ್ದ, ರೊಟ್ಟಿಯ ಸದ್ದಿತ್ತು. ರೊಟ್ಟಿ ಬಡಿಯುವಾಗ ಒಂದೇ ಸಮನೆ ಮಾತಾಡುವ ಅವ್ವನ ದನಿ ಒಮ್ಮೆಯೂ ಬಂದಿರಲಿಲ್ಲ. ಸಾಯುವವರ ದನಿ ಮಾಮ ಹಾಕುವುದಿಲ್ಲ.

ಹೆಡ್‌ಫೋನ್ ತೆಗೆದೆ. ಅವ್ವ ಮೊರ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಕೇಳಿಸ್ತಾ?" ಅಂದಳು.

"ನಿನಗ ಗೊತ್ತಿತ್ತಾ?"

"ಅವ ಮೊದಲ ದಿನಾನೇ ಹೇಳಿದ, ನೀ ಚಾ ಮಾಡಾಕ ಹೋದಾಗ. ಅಕ್ಕಾ, ನಿನ್ನ ಉಸುರಿನ್ಯಾಗ ಸದ್ದು ಐತಿ, ಮಗಳಿಗೆ ತೋರಿಸು ಅಂದ. ನಾನೇ ಆಣಿ ಹಾಕಿಸಿದೆ, ಆಕಿಗೆ ಹೇಳಬ್ಯಾಡ ಅಂತ. ಬಂದು ಹಿಡಕೊಂಡು ಹೋಗು ಅಂತ ಕರೆಸಿದಾಕಿನೂ ನಾನೇ."

"ಯಾಕವ್ವ? ಊರ ಮಂದಿಗೆಲ್ಲ ನರ್ಸು ನಾನು. ನನಗ ಹೇಳಬಾರದಿತ್ತಾ?"

"ಊರ ಮಂದೀನೆಲ್ಲ ನೋಡಿ ನೋಡಿ ಸೋತು ಮನಿಗೆ ಬರ್ತಿ. ಮನಿಯಾಗ ನಾನೂ ಒಂದು ಪೇಷೆಂಟ್ ಆಗಿ ಕುಂದ್ರಬೇಕಾ? ಮನಿಗೆ ಬಂದಾಗರ ನೀ ಮಗಳಾಗಿರಲಿ ಅಂದೆ."

ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರೆ. ಆ ಗಾದೆಯನ್ನು ಮಾಡಿದವರ ಮೇಲೂ ನನಗೆ ಸಿಟ್ಟು ಬಂತು. ಮಾಮನ ಮೇಲೆ ಬಂದ ಸಿಟ್ಟಂತೂ ಇವತ್ತಿಗೂ ಆರಿಲ್ಲ. ಆಣೆಯಂತೆ ಆಣೆ. ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

"ಮತ್ತ ನಿನ್ನ ಗುಂಗನ್ನ ಅವರಿಗ್ಯಾಕ ಕೊಟ್ಟಿ?"

"ಅವಂಗ ಮನಿ ಇದ್ದಿಲ್ಲ," ಅಂದಳು ಅವ್ವ. "ನಾನಿನ್ನೂ ಮನಿಯಾಗ ಅದೀನಿ."

ಕರ್ನೂಲಿಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ನೋಡಿದ ಡಾಕ್ಟರು, ಹಿಂದೆ ಹತ್ತಿ ಧೂಳಿನಲ್ಲಿ ಕೆಲಸ ಮಾಡಿದ್ದರೇನು ಎಂದು ಕೇಳಿದರು, ಇದು ಅದರಿಂದಲೇ ಅಂತ ಹೇಳಲಾಗದು ಎಂದೂ ಅಂದರು. ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ, ಇರುವಷ್ಟು ದಿನ ಉಸಿರಿಗೆ ಕಷ್ಟವಾಗದಂತೆ ನೋಡಿಕೊಳ್ಳಿ ಎಂದರು. ಈಗ ಅವ್ವನ ಮಂಚದ ಪಕ್ಕದಲ್ಲಿ ಆಕ್ಸಿಜನ್ ಮಿಷನ್ ಇದೆ. ಇಪ್ಪತ್ತನಾಲ್ಕು ತಾಸೂ ಗುಂಯ್ ಎನ್ನುತ್ತದೆ. ರೊಟ್ಟಿ ಈಗ ನಾನು ಬಡಿಯುತ್ತೇನೆ, ಮುರಿಯುತ್ತವೆ. ಹಾಸಿಗೆಯಿಂದಲೇ ಅವ್ವ ತಪ್ಪು ಹೇಳುತ್ತಾಳೆ.

ಹೋದ ತಿಂಗಳು ಪಕ್ಕದ ಹಳ್ಳಿಯಿಂದ ಒಬ್ಬರು ಬಂದು ಬಾಗಿಲ ಹೊರಗೇ ನಿಂತರು, ಒಳಗೆ ಬರಲಿಲ್ಲ. "ಸಿಸ್ಟರಮ್ಮ, ನಮ್ಮಪ್ಪ ಇನ್ನೇನು ಉಳಿಯಂಗಿಲ್ಲ. ಮಾಮನ ಮಿಷನ್ ನಿಮ್ಮ ಹತ್ರ ಐತಂತ. ಬರ್ತೀರೇನ್ರಿ?" ನಾನು ಇಲ್ಲ ಎನ್ನಲು ಬಾಯಿ ತೆರೆದೆ. ಒಳಗಿಂದ ಅವ್ವ, "ಹೋಗು," ಅಂದಳು. ಹೋದೆ. ನನಗೆ ಕಂಪ್ಯೂಟರು ಬರುವುದಿಲ್ಲ, ಎಳೆದು ಉದ್ದ ಮಾಡುವುದು ಗೊತ್ತಿಲ್ಲ. ಸುಮ್ಮನೆ ಅವರ ಕಟ್ಟೆಯ ಮೇಲೆ ಕೂತು ಹಿಡಿದುಕೊಂಡು ಬಂದೆ. ನಾನು ಹೊರಡುವಾಗ ಓಣಿಯಲ್ಲಿ ಎರಡು ಬಾಗಿಲು ಮುಚ್ಚಿಕೊಂಡವು.

ಮನೆಗೆ ಬಂದ ಮೇಲೆ ಅವ್ವ, "ಅವರ ಮನ್ಯಾಗ ಏನೇನು ಸದ್ದಿತ್ತು?" ಎಂದು ಕೇಳಿದಳು. ಎಮ್ಮೆ, ಹೊಲಿಗೆ ಮಿಷನ್, ಟಿ.ವಿ. ಎಂದು ಹೇಳಿದೆ. ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕೇಳಿದಳು.

"ಈಗ ಕುಂದ್ರು," ಅಂದಳು ಆಮೇಲೆ. "ನಮ್ಮನೀದು ಹಿಡಿ."

ಬೇಡ ಎಂದರೆ ಬಿಡುವವಳಲ್ಲ. ಹೆಡ್‌ಫೋನ್ ಹಾಕಿಕೊಂಡೆ, ಕೆಂಪು ದೀಪ ಹತ್ತಿತು. ಆಕ್ಸಿಜನ್ ಮಿಷನ್ನಿನ ಗುಂಗು ಬಂತು. ಅದರ ಮೇಲೆ ಅವ್ವನ ಉಸಿರು ಬಂತು. ದೀಪಾವಳಿಯ ಹೊತ್ತಿಗೆ ಎಳೆದುಕೊಂಡ ಉಸಿರಿನ ತುದಿಯಲ್ಲಷ್ಟೇ ಇದ್ದ ಆ ಚಿಟಿಚಿಟಿ ಈಗ ಮೊದಲಿನಿಂದ ಕೊನೆಯವರೆಗೂ ತುಂಬಿತ್ತು. ಇನ್ನು ಎಷ್ಟು ದಿನ ಎಂದು ನನಗೆ ಡಾಕ್ಟರು ಹೇಳಬೇಕಾಗಿರಲಿಲ್ಲ.

"ಏನ್ ಕೇಳತೈತಿ?" ಎಂದು ಕೇಳಿದಳು ಅವ್ವ, ಕಣ್ಣು ಬಿಡದೆ.

"ಏನಿಲ್ಲವ್ವ. ಎಲ್ಲಾ ನಾರ್ಮಲ್ ಐತಿ."

ಅವ್ವ ಕೈ ಚಾಚಿ ನನ್ನ ಮೊಣಕಾಲಿನ ಮೇಲೆ ಇಟ್ಟಳು.

"ಸುಳ್ಳು ಹೇಳಬ್ಯಾಡ ಮಗಳ," ಅಂದಳು. "ಅದೂ ಗುಂಗಿನೊಳಗ ಬಂದುಬಿಡತೈತಿ."